ಮನೆಯಲ್ಲೇ ಬಿಯರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಹತ್ತಿರ. ಒಂಬತ್ತು ವರ್ಷದಿಂದ ಗ್ಯಾರೇಜಿನಲ್ಲಿ ಬಿಯರ್ ಮಾಡುತ್ತಿದ್ದೇನೆ. ಮನೆಗೆ ಊಟಕ್ಕೆ ಬಂದ ಕನ್ನಡದ ಗೆಳೆಯರು ಮೂಲೆಯಲ್ಲಿ ಗುಳುಗುಳು ಅನ್ನುವ ಬಕೆಟ್ ನೋಡಿದ ಕೂಡಲೇ ಪ್ರಶ್ನೆ ಶುರು ಮಾಡುತ್ತಾರೆ. ಹಾಸನದಿಂದ ಫೋನ್ ಮಾಡುವ ಮಾವ ಕೇಳುವುದೂ ಅವೇ ಪ್ರಶ್ನೆ. ಹೇಳಿ ಹೇಳಿ ಬಾಯಿಪಾಠ ಆಗಿದೆ. ಅದಕ್ಕೇ ಬರೆದಿಟ್ಟಿದ್ದೇನೆ.

ಅಂದರೆ ನೀವು ಮನೆಯಲ್ಲೇ ಭಟ್ಟಿ ಇಳಿಸ್ತೀರಾ?

ಇಲ್ಲ ಮಾರಾಯ್ರೇ. ಭಟ್ಟಿ ಇಳಿಸುವುದು ಅಂದರೆ ಹುಳಿ ಬಂದ ರಸವನ್ನು ಕಾಯಿಸಿ, ಆವಿ ಹಿಡಿದು, ತಣಿಸಿ, ಮದ್ಯವನ್ನು ಬೇರೆ ಮಾಡುವುದು. ವಿಸ್ಕಿ, ರಮ್, ನಮ್ಮ ಕಡೆಯ ಸಾರಾಯಿ ಎಲ್ಲ ಆ ದಾರಿಯವು. ಬಿಯರ್‌ನಲ್ಲಿ ಆವಿ ಹಿಡಿಯುವ ಕೆಲಸವೇ ಇಲ್ಲ. ಕಾಳಿನ ಕಷಾಯ ಮಾಡುತ್ತೇವೆ, ಆರಿಸುತ್ತೇವೆ, ಯೀಸ್ಟ್ ಹಾಕಿ ಮುಚ್ಚಿಡುತ್ತೇವೆ. ಆಮೇಲೆ ಕಾಯುತ್ತೇವೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬಿರುತ್ತಲ್ಲ, ಇದು ಅದರ ದೂರದ ನೆಂಟ.

ಕಣ್ಣು ಹೋಗುತ್ತೆ ಅಂತಾರಲ್ಲ?

ಕಣ್ಣು ತೆಗೆಯುವುದು ಮೆಥನಾಲ್. ಕಳ್ಳಬಟ್ಟಿ ಕುಡಿದು ಜನ ಸತ್ತ ಸುದ್ದಿ ಬಂದಾಗೆಲ್ಲ ಸಾಮಾನ್ಯವಾಗಿ ಹಿಂದೆ ಇರುವುದು ಕಾರ್ಖಾನೆಗೆಂದು ಬಂದ ಮೆಥನಾಲನ್ನು ಯಾರೋ ಬೆರೆಸಿದ ಕಥೆ. ಬಾರ್ಲಿ ಕಷಾಯಕ್ಕೆ ಯೀಸ್ಟ್ ಹಾಕಿದರೆ ಅಪಾಯ ಆಗುವಷ್ಟು ಮೆಥನಾಲ್ ಹುಟ್ಟುವುದಿಲ್ಲ. ಮನೆ ಬಿಯರ್ ಕೆಟ್ಟರೆ ಬಾಯಿಗೆ ಇಡಲಾಗದಷ್ಟು ಹುಳಿಯಾಗುತ್ತದೆ, ವಾಸನೆ ಬರುತ್ತದೆ. ಸಿಂಕಿಗೆ ಸುರಿಯಬೇಕು, ಅಷ್ಟೇ.

ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯಾ?

ಅಮೆರಿಕದಲ್ಲಿ ಇದೆ. ಆದರೆ ಬಂದದ್ದು ತಡವಾಗಿ. 1920ರಿಂದ 1933ರವರೆಗೆ ಇಲ್ಲಿ ಪಾನನಿಷೇಧ ಇತ್ತು. ಅದು ಹೋದ ಮೇಲೆ ಮನೆಯಲ್ಲಿ ವೈನ್ ಮಾಡಲು ಬಿಟ್ಟರು, ಬಿಯರ್ ಮಾತ್ರ ಹೊರಗೇ ಉಳಿಯಿತು. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ ಅದೂ ಸರಿಹೋಯಿತು. ವಯಸ್ಕರು ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಇದ್ದರೆ 200 ಗ್ಯಾಲನ್. ಅಂದರೆ ಸುಮಾರು 757 ಲೀಟರ್. ಅಷ್ಟು ಕುಡಿಯುವವರಿಗೆ ಬೇಕಾಗಿರುವುದು ಕಾನೂನಲ್ಲ, ಡಾಕ್ಟರು. ರಾಜ್ಯಗಳೂ ಒಪ್ಪಬೇಕಿತ್ತು. ಕೊನೆಗೆ ಒಪ್ಪಿದವು ಅಲಬಾಮಾ ಮತ್ತು ಮಿಸಿಸಿಪ್ಪಿ, 2013ರಲ್ಲಿ. ಬ್ರಿಟನ್ನಿನಲ್ಲಿ 1963ರಲ್ಲೇ ಲೈಸೆನ್ಸ್ ಬೇಡ ಅಂದಿದ್ದರು.

ಬಿಯರ್‌ಗೆ ಇರುವ ಈ ವಿನಾಯಿತಿ ಭಟ್ಟಿ ಇಳಿಸುವುದಕ್ಕೆ ಇಲ್ಲ. ಮಾರಾಟಕ್ಕೂ ಇಲ್ಲ. ಒಂದು ಬಾಟಲಿಗೆ ಒಂದು ಡಾಲರ್ ತಗೊಂಡರೂ ತಪ್ಪು.

ಬೆಂಗಳೂರಿನಲ್ಲಿ ಮಾಡಬಹುದಾ? ನೀವು ಬರುವಾಗ ಒಂದು ಕಿಟ್ ತಂದುಕೊಡಿ.

ಆಗುವುದಿಲ್ಲ. ತರುವುದೂ ಇಲ್ಲ. ಕರ್ನಾಟಕ ಅಬಕಾರಿ ಕಾಯ್ದೆ 1965ರದು. ಅದರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರ್ ಕೂಡ ಮದ್ಯವೇ. "ನಮ್ಮ ಮನೆ, ನಮ್ಮ ಅಡಿಗೆಮನೆ, ಯಾರಿಗೆ ಗೊತ್ತಾಗುತ್ತೆ" ಅನ್ನುವ ಮಾತನ್ನು ನಾನು ಕೇಳಿಲ್ಲ ಅಂದುಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ಸ್ಥಳದಲ್ಲೇ ಬಿಯರ್ ಮಾಡಿ ಬಡಿಸುವ ಜಾಗಗಳು ಬೇಕಾದಷ್ಟಿವೆ. ಆ ಕೆಲಸ ನೋಡುವ ಆಸೆಯಿದ್ದರೆ ಜನ ಕಡಿಮೆ ಇರುವ ಮಧ್ಯಾಹ್ನ ಹೋಗಿ ಕೇಳಿ. ಎಷ್ಟೋ ಕಡೆ ಖುಷಿಯಿಂದ ಟ್ಯಾಂಕ್ ತೋರಿಸುತ್ತಾರೆ.

ಮುಂದೆ ಬರೆದಿರುವುದೆಲ್ಲ ಕಾನೂನು ಒಪ್ಪುವ ಊರುಗಳಲ್ಲಿ ಇರುವ ದೊಡ್ಡವರಿಗೆ.

ಏನೇನು ಸಾಮಾನು ಬೇಕು? ಎಷ್ಟಾಗುತ್ತೆ?

ದೊಡ್ಡ ಸ್ಟೀಲ್ ಪಾತ್ರೆ, ಮುಚ್ಚಳ ಇರುವ 25 ಲೀಟರಿನ ಪ್ಲಾಸ್ಟಿಕ್ ಬಕೆಟ್ ಎರಡು, ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಗೆ ಬಿಟ್ಟು ಹೊರಗಿನ ಗಾಳಿ ತಡೆಯುವ ಪುಟ್ಟ ಸಾಧನ), ಥರ್ಮಾಮೀಟರ್, ಹೈಡ್ರೋಮೀಟರ್ (ರಸದಲ್ಲಿ ತೇಲಿ ಸಕ್ಕರೆ ಎಷ್ಟಿದೆ ಅಂತ ತೋರಿಸುವ ಗಾಜಿನ ಕೊಳವೆ), ಬಿಯರ್ ಇಳಿಸುವ ಸೈಫನ್ ಪೈಪು, ಬಾಟಲಿಗೆ ಬಿರಡೆ ಒತ್ತುವ ಯಂತ್ರ. ನನಗೆ ಎಲ್ಲ ಸೇರಿ 130 ಡಾಲರ್ ಆಗಿತ್ತು. ಆಮೇಲೆ ಪ್ರತಿ ಸಲದ ಸಾಮಗ್ರಿಗೆ 40 ಡಾಲರ್ ಆಸುಪಾಸು, ಬರುವುದು ಸುಮಾರು 50 ಬಾಟಲಿ. ಕಾಗದದ ಮೇಲೆ ಉಳಿತಾಯವೇ. ನಿಜದಲ್ಲಿ ಅಲ್ಲ. ಕಷಾಯ ಬೇಗ ತಣಿಸುವ ತಾಮ್ರದ ಸುರುಳಿ, ಹಳೇ ಫ್ರಿಜ್, ಅದಕ್ಕೊಂದು ಥರ್ಮೋಸ್ಟಾಟ್ ಅಂತ ಒಂದೊಂದೇ ಬರುತ್ತವೆ. ದುಡ್ಡು ಉಳಿಸಲು ಈ ಹವ್ಯಾಸಕ್ಕೆ ಬರುವವರು ಬರಬೇಡಿ.

ಖಾಲಿ ಬಾಟಲಿ ಮಾತ್ರ ಕೊಳ್ಳಬೇಡಿ. ಗೆಳೆಯರಿಗೆ ಹೇಳಿಟ್ಟರೆ ಚೀಲಗಟ್ಟಲೆ ಬರುತ್ತವೆ. ಕಂದು ಬಣ್ಣದವು ಬೇಕು, ಓಪನರ್‌ನಿಂದ ತೆಗೆಯುವ ಬಿರಡೆಯವು. ಕೈಯಲ್ಲಿ ತಿರುಗಿಸಿ ತೆಗೆಯುವ ಬಾಟಲಿಗೆ ಹೊಸ ಬಿರಡೆ ಸರಿಯಾಗಿ ಕೂರುವುದಿಲ್ಲ.

ಮಾಲ್ಟ್ ಅಂದರೆ ರಾಗಿ ಮಾಲ್ಟ್ ತರಹಾನಾ?

ಅದೇ ಸಂಗತಿ, ಕಾಳು ಬೇರೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಮೊಳಕೆ ಬರುವಾಗ ಕಾಳಿನೊಳಗೆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಹುಟ್ಟುತ್ತವೆ. ನಿಮ್ಮಮ್ಮ ಮಗುವಿಗೆ ಗಂಜಿ ಮಾಡಲು ರಾಗಿಗೆ ಮೊಳಕೆ ಬರಿಸುತ್ತಿದ್ದರಲ್ಲ? ಬರೀ ರಾಗಿ ಹಿಟ್ಟಿನ ಗಂಜಿ ಗಟ್ಟಿ, ಮೊಳಕೆ ರಾಗಿಯದು ತೆಳ್ಳಗೆ, ಸ್ವಲ್ಪ ಸಿಹಿ. ಅದು ಇದೇ ಕಿಣ್ವಗಳ ಕೆಲಸ.

ಒಡೆದ ಬಾರ್ಲಿ ಮಾಲ್ಟನ್ನು ಸುಮಾರು 66 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ಬಿಟ್ಟರೆ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. 64ಕ್ಕೆ ಇಟ್ಟರೆ ಬಿಯರ್ ಹಗುರ, ಸಿಹಿ ಉಳಿಯುವುದಿಲ್ಲ. 69ಕ್ಕೆ ಇಟ್ಟರೆ ದಪ್ಪ, ಬಾಯಿ ತುಂಬ ಇರುತ್ತದೆ. ನಾಲ್ಕೈದು ಡಿಗ್ರಿ ಅಷ್ಟು ಆಟ ಆಡಿಸುತ್ತದೆ. ಆ ಹೊತ್ತಿನಲ್ಲಿ ಮನೆಯೆಲ್ಲ ಹಾರ್ಲಿಕ್ಸ್ ವಾಸನೆ. ಹಾರ್ಲಿಕ್ಸ್‌ನಲ್ಲೂ ಇರುವುದು ಮೊಳಕೆ ಬಾರ್ಲಿಯೇ. ನಮ್ಮಮ್ಮ ಮೊದಲ ಸಲ ಬಂದಾಗ ಗ್ಯಾರೇಜಿನ ಬಾಗಿಲಲ್ಲಿ ನಿಂತು, "ಇಷ್ಟು ಹಾರ್ಲಿಕ್ಸ್ ಯಾರಿಗೋ?" ಅಂದಿದ್ದರು.

ಪೂರ್ತಿ ವಿಧಾನ ಒಂದು ಸಲ ಹೇಳಿಬಿಡಿ.

ಹೊಸಬರಿಗೆ ಸುಲಭದ ದಾರಿ ಹೇಳುತ್ತೇನೆ. 19 ಲೀಟರ್ ಪೇಲ್ ಏಲ್ ಅನ್ನುವ ತಿಳಿ ಬಣ್ಣದ ಬಿಯರ್‌ನ ಲೆಕ್ಕ. ಇದರಲ್ಲಿ ಮಾಲ್ಟಿನಿಂದ ಸಿಹಿ ತೆಗೆಯುವ ಕೆಲಸವನ್ನು ಬೇರೆಯವರು ಮಾಡಿರುತ್ತಾರೆ. ಆ ರಸವನ್ನು ಜೋನಿ ಬೆಲ್ಲದ ಹಾಗೆ ಗಟ್ಟಿ ಮಾಡಿ ಡಬ್ಬದಲ್ಲಿ ಮಾರುತ್ತಾರೆ. ಅದೇ ಮಾಲ್ಟ್ ಎಕ್ಸ್‌ಟ್ರಾಕ್ಟ್.

12 ಲೀಟರ್ ನೀರನ್ನು 68 ಡಿಗ್ರಿಗೆ ಕಾಯಿಸಿ. ಒಡೆದ ಕ್ರಿಸ್ಟಲ್ ಮಾಲ್ಟ್ 450 ಗ್ರಾಂ ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ಮುಳುಗಿಸಿಡಿ. ಬಣ್ಣ, ರುಚಿ ಬಿಟ್ಟ ಮೇಲೆ ಗಂಟು ತೆಗೆದು ನೀರನ್ನು ಕುದಿಗೆ ತನ್ನಿ. ಈಗ ಸ್ಟೌ ಆರಿಸಿ. 3 ಕಿಲೋ ಎಕ್ಸ್‌ಟ್ರಾಕ್ಟ್ ಸುರಿದು ತಳ ಕೆದಕಿ ಕಲಸಿ. ಉರಿ ಇರುವಾಗಲೇ ಸುರಿದರೆ ತಳ ಹಿಡಿಯುತ್ತದೆ, ಸುಟ್ಟ ಪಾಕದ ಕಹಿ ಕೊನೆತನಕ ಹೋಗುವುದಿಲ್ಲ. ಪೂರ್ತಿ ಕರಗಿದ ಮೇಲೆ ಮತ್ತೆ ಉರಿ.

ಇನ್ನು ಪಾತ್ರೆ ಬಿಟ್ಟು ಕದಲಬೇಡಿ. ಕುದಿ ಬರುತ್ತಿದ್ದ ಹಾಗೆ ಹಾಲು ಉಕ್ಕಿದಂತೆ ಉಕ್ಕುತ್ತದೆ. ಹಾಲಾದರೆ ಒರೆಸಿದರೆ ಹೋಯಿತು. ಇದು ಸ್ಟೌ ಮೇಲೆ ಬಿದ್ದು ಚಿಕ್ಕಿಯ ಹಾಗೆ ಗಟ್ಟಿಯಾಗುತ್ತದೆ. ನೊರೆ ಇಳಿದ ಮೇಲೆ 28 ಗ್ರಾಂ ಹಾಪ್ಸ್ (ಒಂದು ಬಗೆಯ ಹೂವು, ಮುಂದೆ ಹೇಳುತ್ತೇನೆ) ಹಾಕಿ ಒಂದು ಗಂಟೆ ಕುದಿಸಿ. ಇದು ಕಹಿಗೆ. ಹತ್ತು ನಿಮಿಷ ಉಳಿದಾಗ ಇನ್ನು 28 ಗ್ರಾಂ ರುಚಿಗೆ. ಉರಿ ಆರಿಸಿದ ಮೇಲೆ ಮತ್ತೆ 28 ಗ್ರಾಂ ಪರಿಮಳಕ್ಕೆ. ಸಾರಿಗೆ ಕೊತ್ತಂಬರಿ ಸೊಪ್ಪು ಕೊನೆಗೆ ಹಾಕುತ್ತೇವಲ್ಲ, ಅದೇ ಲೆಕ್ಕ.

ಬೇಗ ತಣ್ಣಗೆ ಮಾಡಬೇಕು. ಬಾತ್‌ಟಬ್‌ಗೆ ಐಸ್ ನೀರು ತುಂಬಿ ಪಾತ್ರೆ ಇಳಿಸಿ. ಮುಟ್ಟಿದರೆ ತಣ್ಣಗೆ ಅನ್ನಿಸಿದ ಮೇಲೆ ಬಕೆಟ್‌ಗೆ ಸುರಿದು, ಕಾಯಿಸಿ ಆರಿಸಿದ ನೀರು ಸೇರಿಸಿ 19 ಲೀಟರ್ ಮಾಡಿ. ಚೆನ್ನಾಗಿ ಕುಲುಕಿ. ಯೀಸ್ಟಿಗೆ ಶುರುವಿನಲ್ಲಿ ಗಾಳಿ ಬೇಕು. ಹೈಡ್ರೋಮೀಟರ್ ಇಳಿಸಿ ನೋಡಿದರೆ 1.050 ಆಸುಪಾಸು ತೋರಿಸುತ್ತದೆ. ಬರೆದಿಟ್ಟುಕೊಳ್ಳಿ. 20 ಡಿಗ್ರಿಗೆ ಬಂದಾಗ 11 ಗ್ರಾಂ ಒಣ ಏಲ್ ಯೀಸ್ಟ್ ಉದುರಿಸಿ, ಮುಚ್ಚಿ, ಏರ್‌ಲಾಕ್ ಸಿಕ್ಕಿಸಿ, ಕತ್ತಲಿನ ಮೂಲೆಯಲ್ಲಿಡಿ.

ಎರಡು ವಾರ ಮುಟ್ಟಬೇಡಿ. ಮುಚ್ಚಳ ತೆಗೆದು ಇಣುಕುವುದು ಹೊಸಬರ ಕೆಟ್ಟ ಚಟ.

ಆಮೇಲೆ ಬಾಟಲಿ. 110 ಗ್ರಾಂ ಸಕ್ಕರೆಯನ್ನು ಎರಡು ಲೋಟ ನೀರಿನಲ್ಲಿ ಕುದಿಸಿ, ಆರಿಸಿ, ಇನ್ನೊಂದು ಬಕೆಟ್‌ನ ತಳಕ್ಕೆ ಸುರಿಯಿರಿ. ಅದರ ಮೇಲೆ ಬಿಯರನ್ನು ಪೈಪಿನಲ್ಲಿ ಸದ್ದಿಲ್ಲದೆ ಇಳಿಸಿ. ಈಗ ಗಾಳಿ ಸೇರಬಾರದು, ಶುರುವಿಗೆ ತದ್ವಿರುದ್ಧ. ಬಾಟಲಿಯಲ್ಲಿ ಮೇಲೆ ಒಂದು ಇಂಚು ಜಾಗ ಬಿಟ್ಟು ತುಂಬಿ, ಬಿರಡೆ ಒತ್ತಿ, ಮನೆಯ ಬಿಸಿಯಲ್ಲೇ ಇನ್ನೆರಡು ವಾರ ಇಡಿ. ಯೀಸ್ಟ್ ಆ ಸಕ್ಕರೆ ತಿಂದು ಗ್ಯಾಸ್ ಮಾಡುತ್ತದೆ. ನೊರೆ ಬರುವುದು ಅದರಿಂದ.

ಹಾಪ್ಸ್ ಅಂದರೆ ಏನು?

ಒಂದು ಬಳ್ಳಿಯ ಹೂವು. ಹಸಿರಾಗಿ, ಪುಟ್ಟ ಪೈನ್ ಕಾಯಿಯ ಆಕಾರದಲ್ಲಿರುತ್ತದೆ. ಬಿಯರ್‌ನ ಕಹಿ, ಪರಿಮಳ ಎರಡೂ ಇದರದೇ. ಹುಳಿ ಮಾಡುವ ಬ್ಯಾಕ್ಟೀರಿಯಾ ಬೆಳೆಯದ ಹಾಗೂ ನೋಡಿಕೊಳ್ಳುತ್ತದೆ.

ಈ ವಿಷಯದಲ್ಲಿ ನನಗೆ ಅದೃಷ್ಟ ಇದೆ. ನಮ್ಮಲ್ಲಿಂದ ಬೆಟ್ಟ ದಾಟಿ ಎರಡೂವರೆ ಗಂಟೆ ಕಾರಿನಲ್ಲಿ ಹೋದರೆ ಯಾಕಿಮಾ ಕಣಿವೆ. ಅಮೆರಿಕದ ಹಾಪ್ಸ್‌ನಲ್ಲಿ ಹೆಚ್ಚುಪಾಲು ಬೆಳೆಯುವುದು ಅಲ್ಲೇ. ಎತ್ತರದ ಕಂಬಗಳಿಗೆ ತಂತಿ ಎಳೆದು ಬಳ್ಳಿ ಹಬ್ಬಿಸಿರುತ್ತಾರೆ. ದೂರದಿಂದ ನೋಡಿದರೆ ಮೈಸೂರಿನ ವೀಳ್ಯದೆಲೆ ತೋಟ ನೆನಪಾಗುತ್ತದೆ, ಎತ್ತರ ಜಾಸ್ತಿ ಅಷ್ಟೇ. ಸೆಪ್ಟೆಂಬರಿನಲ್ಲಿ ಕೊಯ್ಲು. ಆಗ ಒಂದು ಹೂವು ಬಿಡಿಸಿ ಅಂಗೈಯಲ್ಲಿ ಉಜ್ಜಿ ನೋಡಬೇಕು. ಬುಡದಲ್ಲಿ ಅರಿಶಿನದಂಥ ಪುಡಿ, ಕೈಗೆ ಅಂಟು ಅಂಟು, ಚಕ್ಕೋತದ ಸಿಪ್ಪೆಯ ವಾಸನೆ. ಸಂಜೆ ಊಟಕ್ಕೆ ಕೂತಾಗಲೂ ಕೈಯಿಂದ ಹೋಗಿರುವುದಿಲ್ಲ. ನನ್ನ ಮೆಚ್ಚಿನದು ಕ್ಯಾಸ್ಕೇಡ್ ತಳಿ. 1972ರಲ್ಲಿ ಒರೆಗಾನ್‌ನಿಂದ ಹೊರಬಂದದ್ದು. ಅಮೆರಿಕದ ಪೇಲ್ ಏಲ್‌ನ ಪರಿಮಳ ಅಂದರೆ ಬಹುಮಟ್ಟಿಗೆ ಇದೇ.

ಮನೆಯಲ್ಲಿ ನಾಯಿ ಇದ್ದರೆ ಹುಷಾರು. ಹಾಪ್ಸ್ ನಾಯಿಗೆ ವಿಷ, ಕುದಿಸಿ ಬಿಸಾಡಿದ್ದೂ ವಿಷವೇ. ತಿಂದರೆ ಮೈ ಬಿಸಿ ವಿಪರೀತ ಏರಿ ಪ್ರಾಣಕ್ಕೇ ಬರಬಹುದು. ಕಾಂಪೋಸ್ಟ್ ಗುಂಡಿಗೂ ಹಾಕಬೇಡಿ.

ಇಷ್ಟೆಲ್ಲ ತೊಳೆಯಲೇಬೇಕಾ?

ತೊಳೆಯಲೇಬೇಕು. ಬಿಯರ್ ಮಾಡುವ ದಿನ ಅಂದರೆ ಮುಕ್ಕಾಲು ದಿನ ಪಾತ್ರೆ ತೊಳೆಯುವ ದಿನ. ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಿದರೆ ಅಜ್ಜಿ ಕಿರುಚುತ್ತಿದ್ದರಲ್ಲ? ಆ ಅಜ್ಜಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಲಸ ಮಾಡಿ. ಕುದಿಯುವ ತನಕ ಏನಾದರೂ ಪರವಾಗಿಲ್ಲ, ಬಿಯರ್ ಕೆಡಿಸುವಂಥವನ್ನು ಕುದಿ ಕೊಲ್ಲುತ್ತದೆ. ಉರಿ ಆರಿಸಿದ ಮೇಲೆ ಕಷಾಯವನ್ನು ಮುಟ್ಟುವ ಪ್ರತಿಯೊಂದೂ, ಸೌಟು, ಪೈಪು, ಮುಚ್ಚಳ, ಯೀಸ್ಟ್ ಪ್ಯಾಕೆಟ್ ಕತ್ತರಿಸುವ ಕತ್ತರಿ ಕೂಡ, ಸ್ಯಾನಿಟೈಸರ್‌ನಲ್ಲಿ ಮುಳುಗಿ ಬಂದಿರಬೇಕು.

ನಾನು ಸ್ಟಾರ್ ಸ್ಯಾನ್ ಬಳಸುತ್ತೇನೆ. 19 ಲೀಟರ್ ನೀರಿಗೆ 30 ಮಿಲಿ. ನೊರೆ ಬರುತ್ತದೆ, ಆ ನೊರೆ ಇರುವಂತೆಯೇ ತುಂಬಬಹುದು. ನಲ್ಲಿ ನೀರಲ್ಲಿ ಮತ್ತೆ ತೊಳೆದರೆ ಮಾಡಿದ ಕೆಲಸ ಹಾಳು. ಬಟ್ಟೆಗೆ ಹಾಕುವ ಬ್ಲೀಚ್ ಬೇಡವೇ ಬೇಡ. ಸ್ವಲ್ಪ ಉಳಿದರೂ ಬಿಯರ್ ಆಸ್ಪತ್ರೆ ಬ್ಯಾಂಡೇಜಿನ ವಾಸನೆ ಹೊಡೆಯುತ್ತದೆ.

ಬ್ರೆಡ್ ಯೀಸ್ಟ್ ನಡೆಯುತ್ತಾ?

ನಡೆಯುತ್ತದೆ, ಚೆನ್ನಾಗಿರುವುದಿಲ್ಲ. ಜಾತಿ ಒಂದೇ, ಆದರೆ ಅದನ್ನು ಬೆಳೆಸಿದ್ದು ಹಿಟ್ಟು ಉಬ್ಬಿಸಲು. ಬಿಯರ್ ಯೀಸ್ಟ್ ಐದಾರು ಡಾಲರಿಗೆ ಸಿಗುತ್ತದೆ, ಅಲ್ಲಿ ಜಿಪುಣತನ ಬೇಡ.

ಚಳಿಗಾಲದಲ್ಲಿ ಕಷ್ಟ ಆಗಲ್ವಾ? ನಮ್ಮ ದೋಸೆ ಹಿಟ್ಟೇ ಹುಳಿ ಬರಲ್ಲ.

ಬಿಯರ್‌ಗೆ ಅದೇ ಒಳ್ಳೆಯ ಕಾಲ. ಜನವರಿಯಲ್ಲಿ ನಮ್ಮನೆಯಲ್ಲಿ ದೋಸೆ ಹಿಟ್ಟು ಅವನ್ ಒಳಗೆ, ದೀಪ ಹಾಕಿಕೊಂಡು ಬೆಚ್ಚಗೆ ಕೂತಿರುತ್ತದೆ. ಬಿಯರ್ ತಣ್ಣನೆಯ ಮೂಲೆಯಲ್ಲಿ ಆರಾಮಾಗಿರುತ್ತದೆ. ದೋಸೆ ಹಿಟ್ಟಿನಲ್ಲಿ ಕೆಲಸ ಮಾಡುವುದು ಹೆಚ್ಚಾಗಿ ಬ್ಯಾಕ್ಟೀರಿಯಾ, ಅದಕ್ಕೆ ಸೆಕೆ ಬೇಕು. ಏಲ್ ಯೀಸ್ಟಿಗೆ 18ರಿಂದ 20 ಡಿಗ್ರಿ ಸಾಕು. ತಂಪಿನಲ್ಲಿ ನಿಧಾನವಾಗಿ ಮಾಡುವ ಲಾಗರ್ ಅನ್ನುವ ಬಗೆಯ ಬಿಯರ್‌ನ ಯೀಸ್ಟಿಗೆ 10ರಿಂದ 12. ಬೇಸಿಗೆಯಲ್ಲಿ 28ಕ್ಕೆ ಏರಿತೋ, ಯೀಸ್ಟ್ ಹುಚ್ಚೆದ್ದು ಕೆಲಸ ಮಾಡಿ ನೇಲ್ ಪಾಲಿಶ್ ವಾಸನೆ, ಮಾರನೇ ದಿನಕ್ಕೆ ತಲೆನೋವು. ಅಗಲದ ಟಬ್ಬಿನಲ್ಲಿ ನೀರು ತುಂಬಿ ಬಕೆಟ್ ಇಟ್ಟು, ಒದ್ದೆ ಟವೆಲ್ ಸುತ್ತಿ. ಮಡಕೆಯ ನೀರು ತಣ್ಣಗಿರುವ ಉಪಾಯವೇ.

ಬಿಯರ್ ಕೆಟ್ಟಿದೆ ಅಂತ ಹೇಗೆ ಗೊತ್ತಾಗುತ್ತೆ?

ಮೂಗು ಹೇಳುತ್ತದೆ. ಬೆಣ್ಣೆ ಹಚ್ಚಿದ ಪಾಪ್‌ಕಾರ್ನ್ ವಾಸನೆ ಬಂದರೆ ಯೀಸ್ಟ್ ಕೆಲಸ ಮುಗಿಸುವ ಮೊದಲೇ ನೀವು ಅವಸರ ಮಾಡಿದಿರಿ. ಹಸಿ ಸೇಬಿನ ವಾಸನೆಗೂ ಬಹಳ ಸಲ ಅದೇ ಕಾರಣ, ಇನ್ನೊಂದು ವಾರ ಬಿಡಿ. ನೆನೆದ ರಟ್ಟಿನ ವಾಸನೆ ಅಂದರೆ ಬಾಟಲಿ ತುಂಬುವಾಗ ಗಾಳಿ ಸೇರಿದೆ, ಅದು ಸರಿಹೋಗುವುದಿಲ್ಲ. ಬಿಸಿಲಿಗೆ ಇಟ್ಟ ಬಾಟಲಿ ನಾರುತ್ತದೆ, ಹಾಪ್ಸ್‌ಗೆ ಬೆಳಕು ಆಗದು. ಕಂದು ಬಾಟಲಿ ಅಂದದ್ದು ಅದಕ್ಕೇ. ಗೋಧಿ ಬಿಯರ್‌ನಲ್ಲಿ ಲವಂಗ, ಬಾಳೆಹಣ್ಣಿನ ಪರಿಮಳ ಬಂದರೆ ಗಾಬರಿ ಬೇಡ. ಆ ಯೀಸ್ಟಿನ ಗುಣವೇ ಅದು, ಬರದಿದ್ದರೆ ಬೇಸರ ಪಡಬೇಕು.

ಮೂರನೇ ದಿನ ಮೇಲೆ ಕಂದು ಕೊಳಕು ನೊರೆ ಕಂಡು ಫೋನ್ ಮಾಡುವವರು ಜಾಸ್ತಿ. ಅದು ಯೀಸ್ಟಿನ ನೊರೆ, ಸಹಜ. ಬಣ್ಣ ಬಣ್ಣದ ತುಪ್ಪುಳು ಬೂಷ್ಟು ಬೆಳೆದಿದ್ದರೆ ಮಾತ್ರ ಚೆಲ್ಲಿ.

ಬಾಟಲಿ ಸಿಡಿಯುತ್ತಂತೆ, ನಿಜಾನಾ?

ನಿಜ. ಯೀಸ್ಟ್ ಕೆಲಸ ಮುಗಿಯುವ ಮೊದಲೇ ಬಾಟಲಿಗೆ ತುಂಬಿದರೆ, ಅಥವಾ ಸಕ್ಕರೆ ಜಾಸ್ತಿಯಾದರೆ, ಗ್ಯಾಸ್ ಒತ್ತಡಕ್ಕೆ ಗಾಜು ಒಡೆಯುತ್ತದೆ. ಇದು ತಮಾಷೆಯ ವಿಷಯ ಅಲ್ಲ, ಗಾಜಿನ ಚೂರು ಗೋಡೆಗೆ ನಾಟುತ್ತದೆ. ಎರಡು ಮೂರು ದಿನದ ಅಂತರದಲ್ಲಿ ಎರಡು ಸಲ ಹೈಡ್ರೋಮೀಟರ್ ನೋಡಿ. ಅಂಕಿ ಬದಲಾಗಿಲ್ಲ ಅಂದರೆ ತುಂಬಿ. ಬಾಟಲಿಗಳನ್ನು ಮುಚ್ಚಳದ ಡಬ್ಬದಲ್ಲಿಡಿ.

ನನ್ನ ಬಾಟಲಿ ಇದುವರೆಗೆ ಸಿಡಿದಿಲ್ಲ. ಆದರೆ ಬಕೆಟ್ ಸಿಡಿದಿದೆ. ಎರಡನೇ ವರ್ಷ ಸ್ಟೌಟ್ ಅನ್ನುವ ದಪ್ಪ ಕಪ್ಪು ಬಿಯರ್ ಒಂದನ್ನು ಅಂಚಿನವರೆಗೆ ತುಂಬಿಸಿ ಮಲಗಿದ್ದೆ. ನೊರೆ ಏರಿ, ಹಾಪ್ಸ್ ಚರಟ ಏರ್‌ಲಾಕ್‌ಗೆ ಸಿಕ್ಕಿಕೊಂಡಿತು. ಬೆಳಗಿನ ಜಾವ ಮೂರು ಗಂಟೆಗೆ ಢಮ್ ಅಂತ ಸದ್ದು. ಹೋಗಿ ನೋಡಿದರೆ ಮುಚ್ಚಳ ವಾಷಿಂಗ್ ಮೆಷಿನ್ ಹಿಂದೆ ಬಿದ್ದಿದೆ, ಚಾವಣಿಯಿಂದ ಕಾಫಿ ಡಿಕಾಕ್ಷನ್‌ನಂಥದ್ದು ತೊಟ್ಟಿಕ್ಕುತ್ತಿದೆ. ಒಗೆದು ನೇತುಹಾಕಿದ್ದ ಹೆಂಡತಿಯ ಬಿಳಿ ಚೂಡಿದಾರ ಬಿಳಿಯಾಗಿ ಉಳಿದಿರಲಿಲ್ಲ. ಅಂದಿನಿಂದ ಬಕೆಟ್‌ನಲ್ಲಿ ಮೇಲೆ ಒಂದು ಗೇಣು ಜಾಗ ಬಿಡುತ್ತೇನೆ. ಮೊದಲ ಮೂರು ದಿನ ಏರ್‌ಲಾಕ್ ಬದಲು ದಪ್ಪ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸುತ್ತೇನೆ.

ಅಮಲು ಎಷ್ಟಿದೆ ಅಂತ ಲೆಕ್ಕ ಹಾಕೋದು ಹೇಗೆ?

ಶುರುವಿನ ಹೈಡ್ರೋಮೀಟರ್ ಅಂಕಿಯಿಂದ ಕೊನೆಯದನ್ನು ಕಳೆದು 131.25ರಿಂದ ಗುಣಿಸಿ. 1.050ರಿಂದ 1.010ಕ್ಕೆ ಇಳಿದಿದ್ದರೆ ಶೇಕಡಾ 5.25.

ಇದು ಸಸ್ಯಾಹಾರಾನಾ?

ಒಳ್ಳೆಯ ಪ್ರಶ್ನೆ. ಕನ್ನಡದವರನ್ನು ಬಿಟ್ಟು ಬೇರೆ ಯಾರೂ ನನ್ನನ್ನು ಇದನ್ನು ಕೇಳಿಲ್ಲ. ನೀರು, ಬಾರ್ಲಿ, ಹಾಪ್ಸ್, ಯೀಸ್ಟ್, ಇಷ್ಟೇ ಇದ್ದರೆ ಸಸ್ಯಾಹಾರ. ಸಮಸ್ಯೆ ಬರುವುದು ಬಿಯರನ್ನು ತಿಳಿ ಮಾಡುವಾಗ. ಕೆಲವರು ಐಸಿಂಗ್ಲಾಸ್ ಬಳಸುತ್ತಾರೆ, ಅದು ಮೀನಿನ ಗಾಳಿಚೀಲದಿಂದ ಬರುತ್ತದೆ. ಜೆಲಟಿನ್ ಪ್ರಾಣಿಗಳದು. ನಾನು ಐರಿಶ್ ಮಾಸ್ ಹಾಕುತ್ತೇನೆ, ಅದು ಸಮುದ್ರದ ಪಾಚಿ. ಕುದಿಯ ಕೊನೆಯ ಹದಿನೈದು ನಿಮಿಷದಲ್ಲಿ ಒಂದು ಚಮಚ. ಮಿಲ್ಕ್ ಸ್ಟೌಟ್‌ನಲ್ಲಿ ಹಾಲಿನ ಸಕ್ಕರೆ ಇರುತ್ತದೆ, ಹಾಲು ಬಿಟ್ಟವರು ಗಮನಿಸಿ.

ನಮ್ಮ ಪದಾರ್ಥ ಏನಾದರೂ ಹಾಕಬಹುದಾ? ರಾಗಿ, ಬೆಲ್ಲ, ಕಾಫಿ?

ಎಲ್ಲವನ್ನೂ ಹಾಕಿ ನೋಡಿದ್ದೇನೆ. ಎಲ್ಲರಿಗೂ ಹಿಡಿಸಿದ್ದು ಕೊತ್ತಂಬರಿ ಬೀಜ. ಬೆಲ್ಜಿಯಂನವರು ವಿಟ್‌ಬಿಯರ್ ಅನ್ನುವ ಗೋಧಿ ಬಿಯರ್‌ಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಮೊದಲಿನಿಂದಲೂ ಹಾಕುತ್ತಾರೆ. 19 ಲೀಟರಿಗೆ 20 ಗ್ರಾಂ, ಒರಟಾಗಿ ಕುಟ್ಟಿ ಕೊನೆಯ ಐದು ನಿಮಿಷಕ್ಕೆ. ಹುರಿಯಬೇಡಿ. ಒಮ್ಮೆ ಅಭ್ಯಾಸಬಲದಿಂದ ಹುರಿದೆ, ಬಿಯರ್ ಸಾರಿನ ಪುಡಿಯ ವಾಸನೆ ಬಂತು.

ಕೊಡಗಿನ ಕಾಫಿ ಸ್ಟೌಟ್‌ಗೆ ಬಹಳ ಚೆಂದ. ಚಿಕೋರಿ ಇಲ್ಲದ ಪುಡಿಯನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಬಾಟಲಿ ತುಂಬುವ ದಿನ ಸೇರಿಸಿ. ಬೆಲ್ಲ ಹಾಕಿದರೆ ಸಿಹಿಯಾಗುತ್ತದೆ ಅಂದುಕೊಳ್ಳುತ್ತಾರೆ. ಆಗುವುದಿಲ್ಲ, ಸಿಹಿಯನ್ನು ಯೀಸ್ಟ್ ತಿಂದುಬಿಡುತ್ತದೆ. ಉಳಿಯುವುದು ಅಮಲು ಮತ್ತು ಬೆಲ್ಲದ ಕಂಪು.

ರಾಗಿ ಸುಲಭ ಅಲ್ಲ. ಹೊಟ್ಟು ಇಲ್ಲದ ಸಣ್ಣ ಕಾಳು, ಸೋಸುವಾಗ ಅಂಬಲಿಯಾಗಿ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ನಾನು ಮೊಳಕೆ ರಾಗಿ ಅರ್ಧ ಕಿಲೋ ಬೇರೆ ಗಂಜಿ ಮಾಡಿಕೊಂಡು, ಆಮೇಲೆ ಬಾರ್ಲಿಗೆ ಸೇರಿಸುತ್ತೇನೆ. ಮಣ್ಣಿನ ಘಮ ಸ್ವಲ್ಪ ಬರುತ್ತದೆ. ರಾಗಿಯಿಂದ ಬಿಯರ್ ಅನ್ನುವುದು ನನ್ನ ತಲೆಯಲ್ಲಿ ಹುಟ್ಟಿದ ವಿಚಾರವೇನೂ ಅಲ್ಲ. ರಾಗಿಯ ತವರು ಪೂರ್ವ ಆಫ್ರಿಕಾ. ಉಗಾಂಡದ ತೇಸೊ ಜನ ರಾಗಿಯಿಂದ ಅಜೊನ್ ಮಾಡಿ, ನಡುವೆ ಗಡಿಗೆಯಿಟ್ಟು, ಸುತ್ತ ಕೂತು ಉದ್ದನೆಯ ಕೊಳವೆಗಳಲ್ಲಿ ಹೀರುತ್ತಾರೆ. ನೇಪಾಳ, ಸಿಕ್ಕಿಂ ಕಡೆಯ ತೋಂಗ್ಬಾ ಕೂಡ ರಾಗಿಯದೇ. ಹುಳಿ ಬಂದ ಕಾಳಿನ ಮೇಲೆ ಬಿಸಿನೀರು ಹೊಯ್ದು ಬಿದಿರಿನ ಕೊಳವೆಯಲ್ಲಿ ಹೀರುವುದು. ನಾವು ಮುದ್ದೆಯಲ್ಲೇ ನಿಂತೆವು.

ಮನೆಯಲ್ಲಿ 50 ಬಾಟಲಿ ಇದ್ದರೆ ಕುಡಿತ ಜಾಸ್ತಿ ಆಗಲ್ವಾ?

ಆಗಬಹುದು. ಸುಮ್ನೆ ಇಲ್ಲ ಅನ್ನುವುದಿಲ್ಲ. ಮೊದಲ ವರ್ಷ ನನಗೂ ಆಗಿತ್ತು. ಈಗ ಗ್ಯಾರೇಜಿನ ಫ್ರಿಜ್‌ನಲ್ಲಿ ಒಂದು ಸಲಕ್ಕೆ ನಾಲ್ಕೇ ಬಾಟಲಿ ಇಡುತ್ತೇನೆ, ಉಳಿದದ್ದು ಡಬ್ಬದಲ್ಲಿ ಬಿಸಿಯಾಗಿ ಇರುತ್ತದೆ. ಬಿಸಿ ಬಿಯರ್ ಕುಡಿಯಲು ಯಾರಿಗೂ ಮನಸ್ಸಾಗದು. ಅರ್ಧಕ್ಕರ್ಧ ಹಂಚಿ ಹೋಗುತ್ತದೆ. ಕುಡಿಯದವರು ಈ ಹವ್ಯಾಸಕ್ಕಾಗಿ ಕುಡಿಯಲು ಶುರು ಮಾಡಬೇಡಿ. ಬ್ರೆಡ್ ಮಾಡಿ, ಯೀಸ್ಟಿನ ಖುಷಿ ಅಲ್ಲೂ ಇದೆ.

ನಿಮ್ಮ ಆ ದೊಡ್ಡ ಪಾತ್ರೆ ಒಂದಿನ ಕೊಡ್ತೀರಾ?

ಬಿಯರ್ ಬಗ್ಗೆ ಕೇಳುವವರಿಗಿಂತ ಇದನ್ನು ಕೇಳುವವರೇ ಜಾಸ್ತಿ. ರಾಜ್ಯೋತ್ಸವ ಬಂದರೆ ನಾಲ್ಕು ಮನೆಯಿಂದ ಫೋನ್. ಸ್ಟೀಲ್ ಪಾತ್ರೆ ಧಾರಾಳವಾಗಿ ತಗೊಂಡು ಹೋಗಿ, 40 ಜನರ ಬಿಸಿಬೇಳೆಬಾತ್ ಅದರಲ್ಲಿ ಆಗಿದೆ. ಪ್ಲಾಸ್ಟಿಕ್ ಬಕೆಟ್ ಮಾತ್ರ ಕೇಳಬೇಡಿ. ಒಬ್ಬರಿಗೆ ಕೊಟ್ಟಿದ್ದೆ, ಅದರಲ್ಲಿ ಪುಳಿಯೋಗರೆ ಕಲಸಿದರು. ತೊಳೆದೇ ಕೊಟ್ಟರು, ಪಾಪ. ಆಮೇಲೆ ಅದರಲ್ಲಿ ಮಾಡಿದ ಮೂರು ಬಿಯರ್‌ಗೂ ಇಂಗಿನ ವಾಸನೆ ಇತ್ತು.